ದಾಸಾಚಾರ್ಯನ ಪಕ್ಷ

ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ ಓದಿದವರೆಲ್ಲ ಒಂದೋ ಪ್ರಾಣೇಶಾಚಾರ್ಯರ ಕಡೆ, ಇಲ್ಲವೇ ನಾರಣಪ್ಪನ ಕಡೆ. ನಾನು ಮಾತ್ರ ಮೊದಲಿನಿಂದಲೂ ದಾಸಾಚಾರ್ಯನ ಪಕ್ಷ.

ನೆನಪಿದೆಯಲ್ಲ? ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತು ಬಿದ್ದಿದ್ದಾನೆ. ಸಾಲಿಗ್ರಾಮವನ್ನು ಹೊಳೆಗೆಸೆದವನು, ದೇವರ ಮೀನು ಹಿಡಿದವನು, ಜಾತಿಯ ಹೊರಗಿನ ಚಂದ್ರಿಯ ಜೊತೆ ಬಾಳಿದವನು. ಹೆಣ ಎತ್ತುವ ತನಕ ಯಾರೂ ಉಣ್ಣುವ ಹಾಗಿಲ್ಲ; ಎತ್ತಿದರೆ ಜಾತಿ ಕೆಟ್ಟೀತೆಂಬ ಭಯ. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ತಾಳೆಗರಿಯಲ್ಲಿ ಉತ್ತರ ಹುಡುಕುತ್ತಿದ್ದರೆ ಇತ್ತ ದಾಸಾಚಾರ್ಯನ ಹೊಟ್ಟೆ ಚುರುಗುಟ್ಟುತ್ತದೆ. ಬಡವ, ಊರವರ ಶ್ರಾದ್ಧದೂಟ ನಂಬಿ ಬದುಕಿದವನು. ಮೆಲ್ಲಗೆ ಪಾರಿಜಾತಪುರಕ್ಕೆ ನಡೆದು, ತಮ್ಮವರು ಪಂಕ್ತಿಯಲ್ಲಿ ಕೂರದ ಸ್ಮಾರ್ತರ ಮನೆಯಲ್ಲಿ ಗುಟ್ಟಾಗಿ ತಿಂದುಬಿಡುತ್ತಾನೆ. ಬಾಯಿ ಒರೆಸಿಕೊಂಡರೆ ಮುಗಿಯಿತು.

ಈ ಪಕ್ಷದವರು ನಮ್ಮ ಬಂಧುಬಳಗದಲ್ಲಿ ದಂಡಿಯಾಗಿದ್ದಾರೆ. ನಮ್ಮ ಸೋದರಮಾವನೊಬ್ಬರು ಹೋಟೆಲಿನಲ್ಲಿ ಆಮ್ಲೆಟ್ ಹೇಳಿ, ಮಾಣಿಯನ್ನು ವಾಪಸು ಕರೆದು, ದನಿ ತಗ್ಗಿಸಿ, “ಈರುಳ್ಳಿ ಹಾಕಿಸಬೇಡಪ್ಪ, ಇವತ್ತು ಏಕಾದಶಿ” ಎಂದಿದ್ದರು. ಮಾಣಿ ತುಟಿಪಿಟಕ್ಕೆನ್ನದೆ ಬರೆದುಕೊಂಡ. ಮನೆಗೆ ಬಂದ ಮಾವ, ಅತ್ತೆ ಮುಂದಿಟ್ಟ ಫಲಾಹಾರದ ಅವಲಕ್ಕಿಯನ್ನೂ ಅಷ್ಟೇ ಭಕ್ತಿಯಿಂದ ಮುಗಿಸಿದರು.

ಸಾಹಿತ್ಯಕ್ಕೆ ಇಂಥವರು ಸಾಲುವುದಿಲ್ಲ, ಒಪ್ಪುತ್ತೇನೆ. ಮಾವನ ಮೇಲೆ ಕಾದಂಬರಿ ಬರೆಯಹೊರಟರೆ ಎರಡನೇ ಪುಟಕ್ಕೇ ಬಿಲ್ಲು ಬಂದುಬಿಡುತ್ತದೆ. ಕಥೆ ನಡೆಯಬೇಕಾದರೆ ನಾಲ್ಕು ಜನಕ್ಕೆ ಕಾಣುವಂತೆ ಕುಡಿಯುವವನೇ ಬೇಕು. ಬಹಿಷ್ಕಾರ ಹಾಕಿದರೆ ಮುಸಲ್ಮಾನನಾಗುತ್ತೇನೆಂದು ಹೆದರಿಸಿ ಅಗ್ರಹಾರದಲ್ಲೇ ಠಿಕಾಣಿ ಹೂಡುವವನೇ ಬೇಕು.

ನಾರಣಪ್ಪ ಅಲ್ಲೇ ಉಳಿದದ್ದು ನನಗೆ ಇವತ್ತಿಗೂ ಸೋಜಿಗ. ಕಾದಂಬರಿಕಾರರೇನೋ ದೂರದ ಬರ್ಮಿಂಗ್‌ಹ್ಯಾಮಿನಲ್ಲಿ ಕೂತು ಅಗ್ರಹಾರದ ಕಥೆ ಬರೆದರು, 1965ರಲ್ಲಿ ಅಚ್ಚಾಯಿತು. ನಾರಣಪ್ಪ ಶಿವಮೊಗ್ಗದವರೆಗಾದರೂ ಹೋಗಿದ್ದ. ಅಲ್ಲಿಂದ ಜ್ವರ ಹೊತ್ತು ತಂದೇ ಸತ್ತ. ಅಲ್ಲೇ ಒಂದು ಬಾಡಿಗೆ ಮನೆ ಹಿಡಿಯಬಹುದಿತ್ತಲ್ಲ? ಬೇಕಾದ ಮೀನು ತಿನ್ನಬಹುದಿತ್ತು. ಆದರೆ ಪೇಟೆಯಲ್ಲಿ ಮೀನು ಕೊಂಡರೆ ಯಾರು ತಿರುಗಿ ನೋಡುತ್ತಾರೆ? ಹೆಚ್ಚೆಂದರೆ ಚೌಕಾಸಿ ಮಾಡಬಹುದು. ಗರುಡಾಚಾರ್ಯ, ಲಕ್ಷ್ಮಣಾಚಾರ್ಯರಂಥ ಅಗ್ರಹಾರದವರು ಇಲ್ಲದ ಊರಿನಲ್ಲಿ ಅವನಿಗೆ ಹೊತ್ತು ಹೋಗುವುದು ಕಷ್ಟವಿತ್ತು. ಅವರ ಪಾಡೂ ಅಷ್ಟೆ. ನಾರಣಪ್ಪನಿಲ್ಲದಿದ್ದರೆ ಸಂಜೆ ಜಗಲಿಯ ಮೇಲೆ ಕೂತು ಮಾತಾಡುವುದಕ್ಕಾದರೂ ಏನಿರುತ್ತಿತ್ತು? ಅಡಕೆ ಧಾರಣೆ, ಇನ್ನೇನು!