ರ‍್ಯಾಂಕಿಂಗ್ ರಾಯರು

ಸಿನಿಮಾ ನೋಡದೆಯೇ ಅದರ ಕಲೆಕ್ಷನ್ ಹೇಳಬಲ್ಲವರು ಗಾಂಧಿನಗರದಲ್ಲಿ ರಸ್ತೆಗೆ ನಾಲ್ಕು ಮಂದಿ ಸಿಗುತ್ತಾರೆ. ಕಂಪ್ಯೂಟರ್ ನಡೆಸುವ ಬಗೆಬಗೆಯ ಲಿನಕ್ಸ್‌ಗಳ ಕಲೆಕ್ಷನ್ ಹೇಳುವವರು ಮಾತ್ರ ನಮ್ಮ ರ‍್ಯಾಂಕಿಂಗ್ ರಾಯರೊಬ್ಬರೇ. ಅವರಪ್ಪ ಸಿನಿಮಾ ಹಂಚಿಕೆದಾರರ ಆಫೀಸಿನಲ್ಲಿ ಡಿಸಿಆರ್, ಅಂದರೆ ದಿನದ ಕಲೆಕ್ಷನ್ ವರದಿ, ಬರೆಯುತ್ತಿದ್ದವರು: ಮ್ಯಾಟಿನಿಗೆ ಎಷ್ಟು, ಫಸ್ಟ್ ಶೋಗೆ ಎಷ್ಟು, ಬಾಲ್ಕನಿ ತುಂಬಿತೋ ಇಲ್ಲವೋ. ಮಗ ಅದೇ ಬೀದಿಯ ಮಹಡಿ ಮೇಲೆ ಕಂಪ್ಯೂಟರ್ ರಿಪೇರಿ ಮಾಡುತ್ತಾರೆ. ರಕ್ತದಲ್ಲಿ ಬಂದದ್ದು ಎಲ್ಲಿಗೆ ಹೋದೀತು?

ಬೆಳಿಗ್ಗೆ ದೇವರ ಪಟಕ್ಕೆ ಊದಿನಕಡ್ಡಿ ಹಚ್ಚಿದ ಕೂಡಲೇ ರಾಯರು ಡಿಸ್ಟ್ರೋವಾಚ್ ತೆರೆಯುತ್ತಾರೆ. 2001ರಲ್ಲಿ ಹುಟ್ಟಿದ ಈ ತಾಣದಲ್ಲಿ ಒಂದೊಂದು ಲಿನಕ್ಸ್‌ಗೂ ಒಂದೊಂದು ಪುಟ. ಯಾವ ಪುಟವನ್ನು ದಿನಕ್ಕೆ ಎಷ್ಟು ಜನ ತೆರೆದರು ಎಂಬುದೇ ಅಲ್ಲಿನ ರ‍್ಯಾಂಕು. ಒಂದು ಕಾಲಕ್ಕೆ ಉಬುಂಟು, ಆಮೇಲೆ ಮಿಂಟ್, ಆಮೇಲೆ ಎಂಎಕ್ಸ್ ಅಲ್ಲಿ ಮೆರೆದವು. ಮೆಚ್ಚಿನದು ಒಂದು ಸ್ಥಾನ ಕೆಳಗಿಳಿದರೂ ರಾಯರಿಗೆ ಅಂದು ಉಪ್ಪಿಟ್ಟು ರುಚಿಸದು.

“ಅಲ್ಲ ರಾಯರೇ, ಇದು ಬಳಕೆಯ ಲೆಕ್ಕ ಅಲ್ಲ, ತಮಾಷೆಗೆ ಅಂತ ಆ ತಾಣದವರೇ ಹೇಳ್ಕೊಂಡಿದ್ದಾರಲ್ಲ?”

“ಹೌಸ್‌ಫುಲ್ ಬೋರ್ಡ್ ಬಿದ್ಮೇಲೆ ಒಳಗೆ ಹೋಗಿ ಸೀಟು ಎಣಿಸ್ತಾರೇನ್ರೀ?”

ಒಂದು ಐಪಿ ವಿಳಾಸದಿಂದ ದಿನಕ್ಕೆ ಒಂದೇ ಕ್ಲಿಕ್ ಲೆಕ್ಕಕ್ಕೆ ಬರುತ್ತದೆಂದು ತಿಳಿದ ದಿನ ರಾಯರು ಸ್ವಲ್ಪ ಕಂಗೆಟ್ಟರು. ಆದರೆ ಮೆಜೆಸ್ಟಿಕ್ಕಿನಲ್ಲಿ ವೈಫೈ ಇರುವ ಲಾಡ್ಜುಗಳಿಗೆ ಬರವೇ? ಈಗ ಕಾಫಿಗೆಂದು ಹೊರಟವರು ದಾರಿಯಲ್ಲಿ ಸಿಕ್ಕ ವೈಫೈಗಳಲ್ಲೆಲ್ಲ ತಮ್ಮ ಮೆಚ್ಚಿನ ಲಿನಕ್ಸ್‌ಗೆ ಒಂದೊಂದು ಕ್ಲಿಕ್ ಹಾಕಿ ಬರುತ್ತಾರೆ. ಅಭಿಮಾನಿಗಳೇ ಟಿಕೆಟ್ ಕೊಂಡು ಚಿತ್ರವನ್ನು ನೂರು ದಿನ ದಾಟಿಸುವುದನ್ನು ಕಂಡು ಬೆಳೆದವರಿಗೆ ಇದರಲ್ಲಿ ಪಾಪವೇನೂ ಕಾಣುವುದಿಲ್ಲ.

ಡೆಬಿಯನ್ ಎಂಬ ಲಿನಕ್ಸ್‌ನವರ ಎಣಿಕೆ ರಾಯರಿಗೆ ನಗೆಪಾಟಲು. ಯಾವ ಪ್ಯಾಕೇಜ್ ಎಷ್ಟು ಬಳಕೆಯಲ್ಲಿದೆ ಎಂದು ತಿಳಿಯಲು ಡೆಬಿಯನ್‌ನವರು ಇನ್‌ಸ್ಟಾಲ್ ಮಾಡುವಾಗಲೇ ಅನುಮತಿ ಕೇಳುತ್ತಾರೆ. ಉತ್ತರದ ಜಾಗದಲ್ಲಿ ಮೊದಲೇ ‘ಬೇಡ’ ಎಂದಿರುತ್ತದೆ. “ಗೇಟಿನಲ್ಲಿ ನಿಂತು, ಸ್ವಾಮೀ ನಿಮ್ಮನ್ನ ಎಣಿಸಬಹುದಾ ಅಂತ ಕೇಳಿದ್ರೆ ಯಾವ ಪ್ರೊಡ್ಯೂಸರ್ ಉದ್ಧಾರ ಆಗ್ತಾನೆ?” ಫೆಡೋರಾ 2020ರಿಂದ ಅಪ್‌ಡೇಟ್‌ಗೆ ಬಂದ ಯಂತ್ರಗಳನ್ನು ಹೆಸರು ಕೇಳದೆ ವಾರಕ್ಕೊಮ್ಮೆ ಎಣಿಸುತ್ತದೆ, ಅದಕ್ಕೆ ಸ್ವಲ್ಪ ಮರ್ಯಾದೆ ಉಂಟು. ಉಬುಂಟು 2011ರವರೆಗೆ ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸುತ್ತಿದ್ದ ಸೀಡಿಗಳ ಲೆಕ್ಕ ಮಾತ್ರ ರಾಯರಿಗೂ ಬಗೆಹರಿದಿಲ್ಲ. ಒಂದೇ ಸೀಡಿ ಬೀದಿಯ ಅಷ್ಟೂ ಕಂಪ್ಯೂಟರಿಗೆ ಇಳಿಯಿತು; ಉಳಿದವು ಕಾಫಿ ಲೋಟದ ಅಡಿ ಸೇರಿದವು.

ಇಷ್ಟೆಲ್ಲ ಹೇಳುವ ರಾಯರು ಬಿಲ್ಲು ಬರೆಯುವ ಯಂತ್ರದಲ್ಲಿರುವುದು ವಿಂಡೋಸ್. ಕೇಳಿದರೆ, ಟ್ಯಾಲಿ ಬೇಕಲ್ಲ ಎನ್ನುತ್ತಾರೆ.

ಅಪ್ಪನ ಮಾತು ಬಂದಾಗ, 1972ರಲ್ಲಿ ಬಂದ ‘ಬಂಗಾರದ ಮನುಷ್ಯ’ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿದ್ದನ್ನು ರಾಯರು ತಪ್ಪದೆ ನೆನೆಯುತ್ತಾರೆ. ಹಾಗೆ ಓಡುವ ಲಿನಕ್ಸ್‌ಗಳೂ ಇವೆ. ಸರ್ವರ್ ಕೋಣೆಗಳಲ್ಲಿ ವರ್ಷಗಟ್ಟಲೆ ದುಡಿಯುವ ಅವುಗಳ ಪುಟವನ್ನು ಯಾರೂ ಹೋಗಿ ಕ್ಲಿಕ್ಕಿಸುವುದಿಲ್ಲ. ಅಷ್ಟೇಕೆ, ಚಿತ್ರಮಂದಿರಕ್ಕೆ ಸಿನಿಮಾ ಹೊತ್ತು ಬರುವ ಡಿಸಿಪಿ ಡಿಸ್ಕನ್ನು ಸಾಮಾನ್ಯವಾಗಿ ಫಾರ್ಮ್ಯಾಟ್ ಮಾಡುವುದೂ ಲಿನಕ್ಸ್‌ನ ಇಎಕ್ಸ್‌ಟಿ ಪದ್ಧತಿಯಲ್ಲೇ. ಇದನ್ನು ಹೇಳಿದಾಗ ರಾಯರು ಕನ್ನಡಕ ಮೇಲೇರಿಸಿದರು.

“ಹೌದಾ? ಎಷ್ಟನೇ ರ‍್ಯಾಂಕು?”

ರಾಯರು ನಿಮ್ಮ ಮನೆಗೂ ಬಂದಾರು. ಕಾಫಿ ಕೊಡಿ, ವೈಫೈ ಪಾಸ್‌ವರ್ಡ್ ಮಾತ್ರ ಕೊಡಬೇಡಿ.