ಎಲ್ಲಾ ಸೇರಿ ಎಷ್ಟಾಯ್ತು?

ನನ್ನ ಷಡ್ಡಕರು ಹೋದದ್ದು ಎಲ್ಲವೂ ಸೇರಿದ ಹಡಗಿನಲ್ಲಿ. ನಾನು ಹೋದದ್ದು ಹಡಗು ಮಾತ್ರ ಸೇರಿದ ಹಡಗಿನಲ್ಲಿ.

ನಮ್ಮಿಬ್ಬರ ಮಕ್ಕಳೂ ಅಮೆರಿಕದಲ್ಲಿದ್ದಾರೆ. ಬಾಣಂತನಕ್ಕೋ ಮೊಮ್ಮಕ್ಕಳ ಮುಖ ನೋಡಲಿಕ್ಕೋ ಹೋದ ನಿವೃತ್ತರನ್ನು, ನಯಾಗರಾ ಮುಗಿದ ಮೇಲೆ ಇನ್ನೆಲ್ಲಿಗೆ ಅಟ್ಟುವುದೆಂದು ತೋಚದೆ ಕ್ರೂಸ್ ಹತ್ತಿಸುವುದು ಅಲ್ಲಿನ ರೂಢಿ. ಷಡ್ಡಕರ ಮಗ ತೆಗೆದ ಟಿಕೆಟ್ಟಿನ ಬೆಲೆ ಕೇಳಿದ ನಾನು, "ಅಷ್ಟರಲ್ಲಿ ನಾವು ನಾಲ್ಕು ಸಲ ಹೋಗಿಬರಬಹುದು" ಎಂದು ಫೋನಿನಲ್ಲೇ ತೀರ್ಪು ಕೊಟ್ಟೆ. ಬ್ಯಾಂಕಿನ ಆಡಿಟ್‌ನಲ್ಲಿ ಸವೆದ ಜೀವ. ಮಗಳಿಗೆ ಹೇಳಿ, ಫ್ಲಾರಿಡಾದ ಪೋರ್ಟ್ ಕೆನಾವೆರಲ್‌ನಿಂದ ಬಹಾಮಾಸ್‌ಗೆ ಹೋಗುವ ಅತಿ ಅಗ್ಗದ ಹಡಗಿನಲ್ಲಿ ಕಿಟಕಿಯಿಲ್ಲದ ಕ್ಯಾಬಿನ್ ಬುಕ್ ಮಾಡಿಸಿದೆ. ಕಿಟಕಿ ಇದ್ದರೂ ಕಾಣುವುದು ನೀರು ತಾನೇ?

ಹಡಗು ಹತ್ತುವ ಮೊದಲೇ ನನ್ನ ಬಜೆಟ್ಟಿನ ಬುಡ ಅಲುಗಾಡಿತು. ಎಕ್ಸ್‌ರೇ ಯಂತ್ರದ ಹತ್ತಿರ ನನ್ನ ಸೂಟ್‌ಕೇಸನ್ನು ಪಕ್ಕಕ್ಕೆ ಎಳೆದ ಹೆಂಗಸು, ಪಂಚೆಯಲ್ಲಿ ಸುತ್ತಿಟ್ಟಿದ್ದ ಎಲೆಕ್ಟ್ರಿಕ್ ಕೆಟಲನ್ನು ಬಿಚ್ಚಿ ಸಾರ್ವಜನಿಕರ ಎದುರು ಎತ್ತಿ ಹಿಡಿದಳು. ಬೆಂಕಿಯ ಭಯಕ್ಕೆ ಕೆಟಲ್, ಇಸ್ತ್ರಿಪೆಟ್ಟಿಗೆ, ರೈಸ್ ಕುಕ್ಕರ್ ಯಾವುದನ್ನೂ ಒಳಗೆ ಬಿಡುವುದಿಲ್ಲ. ಮೇಜಿನ ಮೇಲೆ ಆಗಲೇ ಸಾಲಾಗಿ ಕೂತಿದ್ದ ಕುಕ್ಕರುಗಳಲ್ಲಿ ಒಂದರ ಮುಚ್ಚಳದ ಮೇಲೆ ತೆಲುಗಿನಲ್ಲಿ ಹೆಸರು ಬರೆದಿತ್ತು. ಅದನ್ನು ಕಂಡು ಸ್ವಲ್ಪ ಸಮಾಧಾನವಾಯಿತು. ಇಳಿಯುವ ದಿನ ಚೀಟಿ ತೋರಿಸಿ ತಗೊಂಡು ಹೋಗಬೇಕಂತೆ. ಆ ಹಡಗಿನಲ್ಲಿ ಟಿಪ್ಸ್ ಕೊಡದೆ ಆರಾಮಾಗಿದ್ದದ್ದು ನನ್ನ ಕೆಟಲ್ ಒಂದೇ.

ಟಿಪ್ಸ್ ಅಂದೆನಲ್ಲ. ಇಂಥ ಹಡಗುಗಳಲ್ಲಿ ಅದು ತಲೆಗೆ, ದಿನಕ್ಕೆ 16ರಿಂದ 20 ಡಾಲರ್. ನಾವು ನಗಲಿ ಬಿಡಲಿ, ಲೆಕ್ಕಕ್ಕೆ ತಾನೇ ಸೇರಿಕೊಳ್ಳುತ್ತದೆ. ಊಟ, ತಿಂಡಿ, ಈಜುಕೊಳ, ರಾತ್ರಿಯ ನಾಟಕ-ನೃತ್ಯ ಟಿಕೆಟ್ಟಿನಲ್ಲೇ ಸೇರಿವೆ. ಡಿಕಾಕ್ಷನ್ನಿನ ನೆನಪಷ್ಟೇ ಉಳಿದ ಕಾಫಿಯೂ ಸೇರಿದೆ. ಬಾಯಿಗೆ ಹಿಡಿಸುವ ಕಾಫಿ ಬೇಕೆಂದರೆ ಕೆಫೆಗೆ ಹೋಗಿ ಕಾರ್ಡ್ ಕೊಡಬೇಕು. ದರ್ಶಿನಿಯವನು ಇಡ್ಲಿಗೆ ಅಗ್ಗದ ರೇಟು ಹೇಳಿ, ಚಟ್ನಿಗೊಂದು, ಚಮಚಕ್ಕೊಂದು ಟೋಕನ್ ತಗೊಳ್ಳಿ ಅಂದ ಹಾಗೆ. ಕ್ಯಾಬಿನ್ ಮೇಜಿನ ಮೇಲೆ ಅಂದವಾಗಿ ನಿಂತಿದ್ದ ನೀರಿನ ಬಾಟಲಿಯ ಮುಚ್ಚಳವನ್ನು ನಾನು ತಿರುಚಿದ್ದೇ ತಡ, ಬಾಗಿಲಲ್ಲಿದ್ದ ಹುಡುಗ ಕೂಗಿದ: "ಅಯ್ಯೋ ಮಾರಾಯ್ರೆ, ಅದಕ್ಕೆ ದುಡ್ಡುಂಟು! ನಳ್ಳಿ ನೀರೇ ಕುಡೀಲಿಕ್ಕೆ ಆಗ್ತದೆ." ಮಂಗಳೂರಿನವನು. ಅರ್ಧ ನಿಮಿಷ ಮೊದಲೇ ಸಿಗಬಾರದಿತ್ತೇ?

ಸಂಜೆ ಒಂದು ಪೆಗ್ ಹಾಕುವ ದೌರ್ಬಲ್ಯ ನನ್ನದು. ದಿನವಿಡೀ ಕುಡಿಯುವ ಪ್ಯಾಕೇಜ್ ಇದೆ, ಆದರೆ ಒಂದೇ ಕ್ಯಾಬಿನ್ನಿನಲ್ಲಿ ಒಬ್ಬರು ಕೊಂಡರೆ ಇನ್ನೊಬ್ಬರೂ ಕೊಳ್ಳಬೇಕು. ನಮ್ಮಾಕೆ ಕುಡಿಯುವ ಅತಿ ಗಡುಸಾದ ದ್ರವವೆಂದರೆ ಮೆಣಸಿನ ಸಾರು. ಹಾಗಾಗಿ ಬಿಡಿಬಿಡಿಯಾಗಿಯೇ ಕುಡಿದೆ. ಗ್ಲಾಸಿನ ಬೆಲೆಯ ಮೇಲೆ 18 ಪರ್ಸೆಂಟ್ ಸರ್ವಿಸ್ ಚಾರ್ಜು. ಹಡಗಿನಲ್ಲಿ ನೋಟು ನಡೆಯದು, ಕ್ಯಾಬಿನ್ ಕೀಲಿಯ ಕಾರ್ಡೇ ದುಡ್ಡು. ಜೇಬಿನಿಂದ ನೋಟು ಹೋಗುವಾಗ ಆಗುವ ಸಂಕಟ ಕಾರ್ಡ್ ಉಜ್ಜುವಾಗ ಆಗುವುದಿಲ್ಲ. ಊರಿಗೆ ಬಂದ ಮೇಲೆ ಹಳೇ ಚಾಳಿಯಂತೆ ಕಾರ್ನಿವಲ್, ರಾಯಲ್ ಕೆರಿಬಿಯನ್ ಕಂಪನಿಗಳ ವಾರ್ಷಿಕ ವರದಿ ತೆರೆದರೆ, ಆದಾಯದ ಸುಮಾರು ಮೂರನೇ ಒಂದು ಪಾಲು ಟಿಕೆಟ್ಟಿನದಲ್ಲ, ಒಳಗಿನ ಇಂಥ ಖರ್ಚಿನದು!

ಬಹಾಮಾಸ್‌ನ ನಸ್ಸೌನಲ್ಲಿ ಹಡಗಿನವರ ಟೂರ್ ಬಸ್ಸಿಗೂ ಕಾರ್ಡ್ ಉಜ್ಜಿದೆ. 1790ರ ದಶಕದಲ್ಲಿ ಗುಲಾಮರು ಸುಣ್ಣಕಲ್ಲಿನ ಗುಡ್ಡವನ್ನು ಕಡಿದು ಮಾಡಿದ ಕ್ವೀನ್ಸ್ ಸ್ಟೇರ್‌ಕೇಸ್‌ಗೆ ನಮ್ಮನ್ನು ಕರೆದೊಯ್ದರು. ಬಸ್ಸಿಳಿದು ನೋಡಿದರೆ, "ನನಗೆ ಬಸ್ಸು ಬೇಡ" ಎಂದು ಹಿಂದುಳಿದಿದ್ದ ನಮ್ಮಾಕೆ, ಒಬ್ಬ ಗುಜರಾತಿ ಹೆಂಗಸಿನ ಜೊತೆ ಬಂದರಿನಿಂದ ನಡೆದುಕೊಂಡೇ ಬಂದು ಮೆಟ್ಟಿಲ ಮೇಲೆ ಕೂತು ಥೇಪ್ಲಾ ತಿನ್ನುತ್ತಿದ್ದಳು.

ಕೊನೆಯ ದಿನದ ಬಿಲ್ಲಿನಲ್ಲಿ ಅವಳ ಹೆಸರಿಗೆ ಟಿಪ್ಸ್ ಬಿಟ್ಟು ಬೇರೇನೂ ಇರಲಿಲ್ಲ. ನನ್ನದು ಎರಡು ಹಾಳೆ. ಅಗ್ಗದ ಹಡಗು ಅಗ್ಗವೇ ಸರಿ, ಅದು ಬೇಡ ಅನ್ನಲು ಬರುವವರಿಗೆ. ಒಂದೇ ಕ್ಯಾಬಿನ್ನಿನಲ್ಲಿ ಮಲಗಿದ್ದರೂ ನಾವಿಬ್ಬರೂ ಬೇರೆಬೇರೆ ಹಡಗಿನಲ್ಲಿ ಹೋಗಿಬಂದಿದ್ದೆವು.

ಹಾಗಾದರೆ ಷಡ್ಡಕರೇ ಗೆದ್ದರೇ? ಎಲ್ಲಾ ಸೇರಿದೆ ಅನ್ನುವುದರಲ್ಲೂ ದರ್ಜೆಗಳಿವೆ. ರೀಜೆಂಟ್ ಹಡಗುಗಳಲ್ಲಿ ಮದ್ಯ, ಟೂರು, ಟಿಪ್ಸ್ ಎಲ್ಲವೂ ಟಿಕೆಟ್ಟಿನಲ್ಲೇ. ವೈಕಿಂಗ್‌ನಲ್ಲಿ ಊಟದ ಜೊತೆಗಿನ ವೈನು, ಬಂದರಿಗೊಂದು ಟೂರು ಸೇರಿದ್ದರೂ ಊಟದ ಹೊತ್ತು ಮೀರಿದ ಪೆಗ್ಗಿಗೆ ಬೇರೆ ದುಡ್ಡು. ಷಡ್ಡಕರಿಗೆ ಇವೆಲ್ಲ ಬಾಧಕವೇ ಅಲ್ಲ. ಅವರು ವೈನ್ ಮುಟ್ಟುವವರಲ್ಲ. ಕೊಟ್ಟ ದುಡ್ಡು ದಂಡವಾಗಬಾರದೆಂದು ಮಾತ್ರ ಪ್ರತಿ ಊಟಕ್ಕೂ ಎರಡು ಗ್ಲಾಸ್ ತರಿಸಿ, ಎದುರಿಟ್ಟುಕೊಂಡು ಕಾಯುತ್ತಿದ್ದರಂತೆ. ಟೂರು ಪುಕ್ಕಟೆ ಎಂದು ಒಂದನ್ನೂ ಬಿಡದೆ ಸುತ್ತಿ ಮಂಡಿ ಊದಿಸಿಕೊಂಡು ಬಂದಿದ್ದರು.

"ಮುಂದಿನ ಸಲ ಎಲ್ಲರೂ ಒಂದೇ ಹಡಗಿಗೆ ಹೋಗೋಣ" ಎಂದರು. ಯಾವುದಕ್ಕೆ ಎಂದು ನಾವಿಬ್ಬರೂ ಪೆನ್ನು-ಕಾಗದ ಹಿಡಿದು ಕೂತೆವು. ಅಡುಗೆಮನೆಯಲ್ಲಿ ಅಕ್ಕ-ತಂಗಿ ಅದೇನೋ ಪಿಸುಗುಟ್ಟಿ ಹೊರಗೆ ಬಂದರು.

"ರೀ, ನಾವಿಬ್ಬರೇ ಹೋಗಿಬರ್ತೀವಿ. ನೀವು ಲೆಕ್ಕ ಮುಗಿಸಿರಿ."