ಉಸಿರು ಎಳೆದುಕೊಳ್ಳಿ, ಸಿಸ್ಟರ್!

ಪ್ರತಿ ವರ್ಷ ಮೇ 12 ಬಂತೆಂದರೆ ನಮ್ಮ ದೊಡ್ಡ ಆಸ್ಪತ್ರೆಗಳಿಗೆ ದಾದಿಯರ ಮೇಲೆ ಎಲ್ಲಿಲ್ಲದ ಪ್ರೀತಿ. ನೈಟಿಂಗೇಲ್ ಫೋಟೋಗೆ ಹಾರ, ಸಿಸ್ಟರುಗಳ ಕೈಗೆ ಮೇಣದಬತ್ತಿ, ಮೇಲೊಂದು ಕೇಕು. ಈಚೆಗೆ ಇದಕ್ಕೆ ‘ಮನೋಸ್ಥೈರ್ಯ ಶಿಬಿರ’ವೂ ಸೇರಿಕೊಂಡಿದೆ. ಕ್ಯಾಶುವಾಲ್ಟಿಯಲ್ಲಿ ನೈಟ್ ಡ್ಯೂಟಿ ಮುಗಿಸಿದವರನ್ನು ಮನೆಗೆ ಬಿಡದೆ ಕೂರಿಸಿ, ಸೂಟುಧಾರಿ ತರಬೇತುದಾರರೊಬ್ಬರು ಉಸಿರು ಎಳೆದುಕೊಳ್ಳುವುದನ್ನು ಹೇಳಿಕೊಡುತ್ತಾರೆ. ರಾತ್ರಿಯಿಡೀ ಆಂಬು ಬ್ಯಾಗ್ ಒತ್ತಿ ಊರವರಿಗೆಲ್ಲ ಉಸಿರು ಕೊಟ್ಟವರಿಗೆ ಆ ವಿದ್ಯೆ ಎಲ್ಲಿ ಗೊತ್ತಿರಬೇಕು, ಪಾಪ!

ಅವರಿಗಿರುವ ಕಾಯಿಲೆಯಾದರೂ ಏನು? ಅಮೆರಿಕದ ತತ್ವಶಾಸ್ತ್ರಜ್ಞ ಆಂಡ್ರ್ಯೂ ಜೇಮ್ಟನ್ 1984ರಲ್ಲೇ ಪತ್ತೆ ಹಚ್ಚಿ ‘ನೈತಿಕ ಸಂಕಟ’ ಎಂದು ಹೆಸರಿಟ್ಟರು. ಮಾಡಬೇಕಾದ್ದು ಗೊತ್ತಿದೆ, ಸಂಸ್ಥೆ ಮಾಡಗೊಡುವುದಿಲ್ಲ. ಆಗ ಹುಟ್ಟುವ ನೋವು ಅದು. ಅಂದರೆ ಕಾಯಿಲೆ ಕಟ್ಟಡದ್ದು. ಇಂಜೆಕ್ಷನ್ ಮಾತ್ರ ಸಿಸ್ಟರಿಗೆ.

ರಾತ್ರಿ ಎರಡು ಗಂಟೆಗೆ ಮೂರು ಟ್ರಾಲಿ ಒಟ್ಟಿಗೆ ಬರುತ್ತವೆ. ಎದೆ ಹಿಡಿದುಕೊಂಡ ಯಜಮಾನರು, ಬೈಕಿನಿಂದ ಬಿದ್ದ ಹುಡುಗ, ವಿಷ ಕುಡಿದ ಹೆಣ್ಣುಮಗಳು. ಇರುವ ಸಿಸ್ಟರುಗಳು ಇಬ್ಬರು. ಅಷ್ಟರಲ್ಲಿ ಶಾಸಕರ ಪಿ.ಎ. ಫೋನು: ‘ಸಾಹೇಬ್ರಿಗೆ ಗ್ಯಾಸ್ಟ್ರಿಕ್ಕು, ಮೊದ್ಲು ನೋಡಿ.’ ಅತ್ತ ಬಿಲ್ಲಿಂಗ್ ಕೌಂಟರಿನಿಂದ ಇನ್ನೊಂದು: ‘ಹುಡುಗನ ಕಡೆಯೋರು ಅಡ್ವಾನ್ಸ್ ಕಟ್ಟಿದ್ರಾ?’ ಜೀವ ಉಳಿಸುವುದೇ ಮೊದಲು, ಉಳಿದ ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟು ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದ್ದು 1989ರಲ್ಲಿ. ಕೌಂಟರಿನವರು ಅದನ್ನು ಓದಿಲ್ಲ. ಸಿಸ್ಟರ್ ನರ್ಸಿಂಗ್ ಕಾಲೇಜಿನಲ್ಲಿ ಓದಿದ್ದಾಳೆ. ಅದೇ ಅವಳ ದುರದೃಷ್ಟ. ‘ಬೆಡ್ ಇಲ್ಲಮ್ಮ, ಬೇರೆ ಕಡೆ ಕರ್ಕೊಂಡ್ಹೋಗಿ’ ಎಂದು ಹುಡುಗನ ತಾಯಿಗೆ ಹೇಳುವ ಕೆಲಸ ಅವಳದು. ಸಿಟ್ಟಿಗೆದ್ದ ನೆಂಟರ ಬೈಗುಳ, ಕೆಲವೊಮ್ಮೆ ಏಟು, ಅವಳದೇ. ನಿಯಮ ಮಾಡಿದವರು ಆ ಹೊತ್ತಿಗೆ ನಿದ್ದೆಯಲ್ಲಿರುತ್ತಾರೆ. ಅವರ ಮನೋಸ್ಥೈರ್ಯಕ್ಕೆ ಯಾವ ಶಿಬಿರವೂ ಬೇಕಿಲ್ಲ.

ಸ್ಥೈರ್ಯವೆಂದರೆ 2016ರ ಕೇಂದ್ರ ಸಮಿತಿಯ ವರದಿಯದು. ಖಾಸಗಿ ಆಸ್ಪತ್ರೆಯ ದಾದಿಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಬಾರದು, 200ಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ಸರ್ಕಾರಿ ದಾದಿಯಷ್ಟೇ ಸಂಬಳ ಕೊಡಬೇಕು ಎಂದಿತ್ತು. ಎಷ್ಟೋ ಕಡೆ ಅದು ಫೈಲಿನಲ್ಲಿ ಕೂತು ಧೂಳು ಕುಡಿದಿದೆ, ಒಮ್ಮೆಯೂ ಗೊಣಗಿಲ್ಲ. ಕೇರಳದ ದಾದಿಯರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಬೀದಿಗಿಳಿದರು, 2018ರಲ್ಲಿ 20,000ದ ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿಕೊಂಡರು. ಪ್ರಾಣಾಯಾಮದಿಂದ ಆದದ್ದಲ್ಲ ಅದು.

ನಮಗೋ, ಹೂವೆಂದರೆ ಇಷ್ಟ. ವಿಶ್ವ ಆರೋಗ್ಯ ಸಂಸ್ಥೆ ದಾದಿಯರ ವರ್ಷವೆಂದು ಸಾರಿದ 2020ರ ಮೇ 3ರಂದು, ಕೊರೊನಾ ನಡುವೆ, ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರಿನಿಂದಲೇ ಸುರಿಸಿದೆವು. ಪಿ.ಪಿ.ಇ. ಕಿಟ್ಟಿಗೆ ಹೋಲಿಸಿದರೆ ಹೂವು ಅಗ್ಗ ತಾನೇ.

ಮುಂದಿನ ಸಲ ಕ್ಯಾಶುವಾಲ್ಟಿಯಲ್ಲಿ ಸಿಸ್ಟರ್ ಸಿಡುಕಿದರೆ ಅವಳ ಮೇಲೆ ಎಗರಬೇಡಿ. ಮ್ಯಾನೇಜರರ ಕೋಣೆಗೆ ಹೋಗಿ, ಈ ಪಾಳಿಗೆ ಎಷ್ಟು ಜನ ಬೇಕಿತ್ತು, ಎಷ್ಟು ಜನರನ್ನು ಹಾಕಿದ್ದೀರಿ ಎಂದು ಕೇಳಿ. ಅವರು ತಡವರಿಸಿದರೆ ಉಸಿರು ಎಳೆದುಕೊಳ್ಳಲು ಹೇಳಿ.